ಬಾನೆಟ್ಟಿನ ಮೇಲಿನ ಅಂಗೈ

ಹೋದ ವಾರ ಅವನ ಮಗ ನಮ್ಮೂರು ತಳಕಲ್ಲಿಗೆ ಬಂದಿದ್ದ. ಕಟ್ಟೆಯ ಮೇಲೆ ಕುಳಿತು, ಕೊಟ್ಟ ನೀರು ಕುಡಿದು, ತಲೆ ತಗ್ಗಿಸಿ ಹೇಳಿದ:

"ಕಾಕಾ, ಅಪ್ಪನ ಫೋಟೋ ನಮ್ಮ ವ್ಯಾನ್ ಸ್ಟ್ಯಾಂಡಿನಾಗ ಹಾಕಾಕತ್ತೀವಿ. ಅದರ ಕೆಳಗ ನಾಕು ಛಲೋ ಮಾತು ಬೇಕ್ರಿ. ನಮ್ಮ ಡ್ರೈವರ್ ಮಂದ್ಯಾಗ ಬರಿಯಾಕ ಬರಾವ್ರು ನೀವೊಬ್ಬರ. ಇಲ್ಲ ಅನಬ್ಯಾಡ್ರಿ."

ಡ್ರೈವರ್ ಆದರೂ ನನಗೆ ಬರೆಯುವ ಚಟ ಇದೆ. ನಮ್ಮ ಓಣಿಯ ಮದುವೆ ಪತ್ರಿಕೆಗಳ ಒಕ್ಕಣೆ ನನ್ನದು, ನಿವೃತ್ತರಾಗುವ ಮಾಸ್ತರರ ಸನ್ಮಾನ ಪತ್ರಗಳೂ ನನ್ನವೇ. ಅದಕ್ಕೇ ಹುಡುಕಿಕೊಂಡು ಬಂದಿದ್ದ. ನಾಲ್ಕು ಒಳ್ಳೆಯ ಮಾತು! ಅದೂ ಅವರಪ್ಪನ ಬಗ್ಗೆ, ಅದೂ ನನ್ನ ಕೈಯಿಂದ! ಸುಳ್ಳು ಯಾಕೆ ಹೇಳಲಿ, ವಾರವೆಲ್ಲ ಹುಡುಕಿದೆ. ಒಂದೂವರೆ ಸಿಕ್ಕಿತು. ಆ ಒಂದೂವರೆಯನ್ನೂ ಮುಂದೆ ಬರೆದಿದ್ದೇನೆ, ನುಂಗಿಕೊಂಡಿಲ್ಲ. ಉಳಿದದ್ದು ಫೋಟೋದ ಕೆಳಗೆ ಹಿಡಿಸುವಂಥದ್ದಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವನು ಬದುಕಿದ್ದಾಗ ನಾನು "ಅಧ್ಯಕ್ಷರ" ಎಂದೇ ಕರೆಯುತ್ತಿದ್ದೆ. ಮಾತು ಮಾತಿಗೂ ರೀ ಹಚ್ಚುತ್ತಿದ್ದೆ. ಈಗ ಹಚ್ಚುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ, ಯಾಕೆಂದರೆ ಅವನು ನನ್ನ ಹೆಸರು ಹಿಡಿದು ಒಂದು ದಿನವೂ ಕರೆಯಲಿಲ್ಲ. ಹೊರಗಿನಿಂದ ಬರುವ ಡ್ರೈವರುಗಳಿಗೆಲ್ಲ ಅವನ ಬಾಯಲ್ಲಿ ಊರೇ ಹೆಸರು. "ಏ ತಳಕಲ್, ಗಾಡಿ ಹಿಂದಕ ತಗಿ." "ಕುಷ್ಟಗಿ ಬಂತೇನು? ಇಳಸಿ ಹೋಗಂತ ಹೇಳು ಅವಗ." ಊರಿಗೆ ಊರನ್ನೇ ಬೈದ ಹಾಗಾಗುತ್ತಿತ್ತು. ಅದು ಅವನಿಗೆ ಖುಷಿಯ ವಿಷಯ.

ಕೊಪ್ಪಳದಲ್ಲಿ ಒಂದು ದೊಡ್ಡ ದವಾಖಾನೆಯ ಎದುರಿಗೆ ಬಾಡಿಗೆ ವ್ಯಾನುಗಳ ಸ್ಟ್ಯಾಂಡ್ ಇದೆ. ಅವನು ಅದರ ಅಧ್ಯಕ್ಷ. ಅವನು ಆರಿಸಿ ಬಂದದ್ದನ್ನು ಯಾರೂ ನೋಡಿದವರಿಲ್ಲ, ಕೆಳಗಿಳಿಸಿ ನೋಡೋಣ ಎಂದವರೂ ಇಲ್ಲ. ಆಳು ಗಿಡ್ಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್, ದವಡೆಯಲ್ಲಿ ಎಲೆ ಅಡಿಕೆ. ಬೇವಿನ ಗಿಡದ ಕೆಳಗೆ ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ, ಅದೇ ಅವನ ಆಫೀಸು. ಅವನು ಕೂಗಾಡುತ್ತಿರಲಿಲ್ಲ. ಗಾಡಿ ಹೊರಡಬೇಕಾದರೆ ಎದ್ದು ಬಂದು ಬಾನೆಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದ. ಹೊರಡಬಾರದಾದರೆ ಅಂಗೈ ಇಡುತ್ತಿದ್ದ. ಬರೀ ಇಡುತ್ತಿದ್ದ, ಎಮ್ಮೆಯ ಬೆನ್ನ ಮೇಲೆ ಇಟ್ಟ ಹಾಗೆ. ಎಂಜಿನ್ ಕಾದು ಬಾನೆಟ್ಟು ಸುಡುತ್ತಿದ್ದರೂ ಕೈ ತೆಗೆಯುತ್ತಿರಲಿಲ್ಲ. ಆ ಅಂಗೈ ಬಿತ್ತೆಂದರೆ ಎಂಥ ಡ್ರೈವರಾದರೂ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡುತ್ತಿದ್ದ.

ಅವನ ಕಾನೂನು ಒಂದೇ ಮಾತಿನದು: "ಬಿಡೂದಿದ್ರ ಬಿಡ್ರಿ, ಎತ್ತಬ್ಯಾಡ್ರಿ." ಹೊರಗಿನ ಗಾಡಿ ಕೊಪ್ಪಳಕ್ಕೆ ಸೀಟು ತಂದು ಇಳಿಸಬಹುದು, ಕೊಪ್ಪಳದಿಂದ ಹತ್ತಿಸಿಕೊಂಡು ಹೋಗುವಂತಿಲ್ಲ. ಸೀಟು ಎಂದರೆ ನಮ್ಮ ಮಾತಿನಲ್ಲಿ ಮನುಷ್ಯ. ನಾನು ತಳಕಲ್ಲಿನಿಂದ ಒಬ್ಬ ರೋಗಿಯನ್ನು ಕರೆತಂದು ದವಾಖಾನೆಯ ಬಾಗಿಲಲ್ಲಿ ಇಳಿಸಿದರೆ ತಕರಾರಿಲ್ಲ. ಅದೇ ರೋಗಿ ತೋರಿಸಿಕೊಂಡು, ಗುಳಿಗೆ ಕಟ್ಟಿಸಿಕೊಂಡು ಹೊರಗೆ ಬಂದರೆ ಅವನು ಸ್ಟ್ಯಾಂಡಿನ ಸೊತ್ತು. ಪಾಳಿಯಲ್ಲಿ ಮೊದಲು ನಿಂತಿರುವ ಸ್ಟ್ಯಾಂಡಿನ ಗಾಡಿಯನ್ನೇ ಅವನು ಹತ್ತಬೇಕು. ಅದು ಹೊಸದಿರಲಿ, ಹಳೆಯದಿರಲಿ, ಡ್ರೈವರ್ ಕುಡಿದಿರಲಿ, ಬಿಟ್ಟಿರಲಿ. ಹೋಗಿಬರುವ ಎರಡೂ ಕಡೆಯ ಬಾಡಿಗೆ ಅವನ ತಲೆಗೇ, ಯಾಕೆಂದರೆ ಆ ಗಾಡಿಯೂ ನಮ್ಮೂರಿನಿಂದ ಖಾಲಿ ಹಿಂತಿರುಗಬೇಕು.

ಇದು ಕೊಪ್ಪಳದ ಒಂದು ಗಿಡದ ಕೆಳಗಿನ ಆಟವಾಗಿ ಉಳಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅವನು ಅಷ್ಟಕ್ಕೆ ಬಿಡುವ ಕುಳವಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸ್ಟ್ಯಾಂಡುಗಳ ಯಜಮಾನರನ್ನು ಒಂದು ಖಾನಾವಳಿಗೆ ಕರೆಸಿ, ಮಿರ್ಚಿ ಮಂಡಕ್ಕಿ ತಿನ್ನಿಸಿ, ಊಟದ ತಾಟನ್ನು ಪಕ್ಕಕ್ಕೆ ಸರಿಸಿ, ಟೇಬಲ್ಲಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಾಡಿಸಿ ನಾಲ್ಕು ಗೆರೆ ಎಳೆದನಂತೆ. "ಇದು ನಿಂದು, ಇದು ನಿಂದು, ಇದು ನಿಂದು, ಇದು ನಂದು. ಗೆರಿ ದಾಟಿ ಬಂದಾವ ಇಳಸಲಿ, ಖಾಲಿ ಹೋಗಲಿ." ನೀರಿನ ಗೆರೆ ಆ ಮಧ್ಯಾಹ್ನವೇ ಆರಿಹೋಗಿರಬೇಕು. ಆದರೆ ನಾಲ್ಕೂ ಊರಿನ ಡ್ರೈವರುಗಳು ಅದನ್ನು ಕಲ್ಲಿನ ಗೆರೆ ಎಂದು ತಿಳಿದು ಬದುಕಿದೆವು. ಅಲ್ರಿ, ಗಂಗಾವತಿಯಲ್ಲಿ ಕೊಟ್ಟ ನೋಟನ್ನು ಕುಷ್ಟಗಿಯಲ್ಲಿ ಯಾರಾದರೂ ಬೇಡ ಎನ್ನುತ್ತಾರೆಯೇ? ಯಲಬುರ್ಗಾದ ರೂಪಾಯಿ ಕೊಪ್ಪಳದಲ್ಲಿ ಓಡುವುದಿಲ್ಲವೇ? ನೋಟಿಗೆ ನಾಲ್ಕೂ ಊರು ಒಂದೇ. ಆ ನೋಟಿಗಾಗಿ ದುಡಿಯುವ ಗಾಡಿಗೆ ಮಾತ್ರ ನಾಲ್ಕು ಊರು ನಾಲ್ಕು ದೇಶ!

ಹಾಗಾಗಿ ನಮ್ಮ ರಸ್ತೆಗಳಲ್ಲಿ ಯಾವತ್ತು ನೋಡಿದರೂ ಅರ್ಧ ಗಾಡಿಗಳು ಖಾಲಿ ಓಡುತ್ತಿದ್ದವು. ಪಕ್ಕದಲ್ಲಿ ಮಂದಿ ಕೈ ಮಾಡುತ್ತ ನಿಂತಿರುತ್ತಿದ್ದರು, ನಾವು ಮುಖ ಆ ಕಡೆ ತಿರುಗಿಸಿ ಹೋಗುತ್ತಿದ್ದೆವು. ನನ್ನ ಅವ್ವನಿಗೆ ಇದು ದೊಡ್ಡ ತಮಾಷೆ. ನಾನು ಕೊಪ್ಪಳದಿಂದ ಬಂದು ಗಾಡಿ ನಿಲ್ಲಿಸಿದರೆ ಪಡಸಾಲೆಯಿಂದಲೇ ಕೇಳುತ್ತಿದ್ದಳು:

"ಏನ್ ತಂದ್ಯೋ ಇವತ್ತ?"

"ಏನಿಲ್ಲ ಬೇ."

"ಮತ್ತ ಗಾಳಿ ತಂದೇನು? ಕೊಪ್ಪಳದ ಗಾಳಿ ಛಲೋ ಇರತೈತಿ ಬಿಡು. ಇಳಸು, ಕುಂದ್ರಲಿ."

ನಗುತ್ತಲೇ ಹೇಳುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಆಸ್ತಿ ಕೇಳಿದವನಲ್ಲ, ಅಧ್ಯಕ್ಷಗಿರಿ ಕೇಳಿದವನಲ್ಲ. ಹೋಗುವಾಗ ತುಂಬಿದ ಗಾಡಿ ಬರುವಾಗಲೂ ತುಂಬಿ ಬಂದರೆ ಮನೆ ನಡೆಯುತ್ತದೆ. ಖಾಲಿ ಬಂದರೆ ಡೀಸೆಲ್ ಪಂಪಿನವನಿಗೆ ದುಡಿದ ಹಾಗೆ. ನನಗೆ ಬೇಕಾಗಿದ್ದದ್ದು ವಾಪಸ್ ಬರುವಾಗ ಒಂದು ಸೀಟು, ಅಷ್ಟೇ.

ಸ್ಟ್ಯಾಂಡಿಗೆ ಸೇರಿಸಿಕೊಳ್ಳಿರಿ ಎಂದು ಕೇಳಿಕೊಂಡು ಹೋಗಿದ್ದೆ. ಅವನು ಎಲೆಯ ತೊಟ್ಟು ಮುರಿಯುತ್ತ, ಸುಣ್ಣ ಹಚ್ಚುತ್ತ, ಪೂರ್ತಿ ಕೇಳಿಸಿಕೊಂಡ. ಅವನಿಗೆ ಕೇಳಿಸಿಕೊಳ್ಳುವುದು ಚೆನ್ನಾಗಿ ಬರುತ್ತಿತ್ತು. ಆಮೇಲೆ ಉಗುಳಿ ಬಂದು ಹೇಳಿದ:

"ನಮ್ಮೂರು ವಿರೂಪಾಪುರಗಡ್ಡಿ, ಗೊತ್ತೈತಿಲ್ಲ? ಸುತ್ತಲೂ ಹೊಳಿ. ನಾ ಸಣ್ಣಾವಿದ್ದಾಗ ಆಚಿ ದಂಡಿಗೆ ಹೋಗಬೇಕಂದ್ರ ಹರಗೋಲು ಒಂದ. ಅದರಾಗ ಶ್ರೀಮಂತ ಬರಲಿ, ಫೌಜದಾರ ಬರಲಿ, ಹರಗೋಲಿನಾವ ಹೂಂ ಅನ್ನೂತನಕ ದಂಡಿ ಮ್ಯಾಲ ನಿಂದರಬೇಕು. ಅವತ್ತ ತಿಳಕೊಂಡೆ ತಮ್ಮಾ. ಹೊಳಿ ದೊಡ್ಡದಲ್ಲ. ಹರಗೋಲಿನಾವ ದೊಡ್ಡಾವ."

"ನಾ ಏನ್ ಮಾಡಬೇಕ್ರಿ ಮತ್ತ?"

"ನೀ ದಂಡಿ ಮ್ಯಾಲ ನಿಂದ್ರು."

ಸುತ್ತ ನಿಂತವರೆಲ್ಲ ನಕ್ಕರು. ಚಹಾದಂಗಡಿಯವ ಆಮೇಲೆ ನನ್ನನ್ನು ಸಮಾಧಾನ ಮಾಡುತ್ತ ಒಂದು ಕಥೆ ಹೇಳಿದ. ಅಧ್ಯಕ್ಷ ಗಡ್ಡೆಯಿಂದ ಮೊದಲು ಕೊಪ್ಪಳಕ್ಕೆ ಬಂದಾಗ ಆಗಿನ ಹಿರಿಯ ಡ್ರೈವರುಗಳು ಅವನನ್ನೂ ಸ್ಟ್ಯಾಂಡಿಗೆ ಸೇರಿಸದೆ ಗಟಾರದ ಆಚೆ ನಿಲ್ಲಿಸಿದ್ದರಂತೆ, ಒಮ್ಮೆ ಗಾಡಿಯ ಗಾಜು ಒಡೆದು ಕಪಾಳಕ್ಕೂ ಹೊಡೆದಿದ್ದರಂತೆ. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ. ಭಾಳ ನೊಂದ ಜೀವ ಅದು," ಎಂದ. ನೊಂದ ಜೀವವೋ ಏನೋ. ಏಟು ತಿಂದವನಿಗೆ ಏಟು ಹೇಗಿರುತ್ತದೆಂದು ಗೊತ್ತಿರಬೇಕು. ಗೊತ್ತಿದ್ದೂ ಹೊಡೆಯುವವನನ್ನು ನಾನು ನೊಂದ ಜೀವ ಎಂದು ಕರೆಯಲಾರೆ. ಚಹಾದಂಗಡಿಯವನಿಗೆ ಅವನ ಸ್ಟ್ಯಾಂಡಿನ ವ್ಯಾಪಾರ ಇತ್ತು, ಹಾಗೆಂದ.

ಈಗ ಆ ಒಂದೂವರೆ ಒಳ್ಳೆಯ ಮಾತು. ಅವನು ಆ ಕುರ್ಚಿಗೆ ಬರುವ ಮೊದಲು ದವಾಖಾನೆಯ ಎದುರು ಡ್ರೈವರುಗಳು ನಾಯಿಗಳ ಹಾಗೆ ಕಚ್ಚಾಡುತ್ತಿದ್ದರು. ಒಬ್ಬ ರೋಗಿ ಹೊರಗೆ ಬಂದರೆ ಚೀಲ ಒಬ್ಬನ ಕೈಯಲ್ಲಿ, ರಟ್ಟೆ ಇನ್ನೊಬ್ಬನ ಕೈಯಲ್ಲಿ. ಪಾಳಿ ಹಚ್ಚಿ ಅದನ್ನು ನಿಲ್ಲಿಸಿದವನು ಅವನೇ. ಪಾಳಿಯನ್ನು ಅವನು ಯಾರಿಗೂ ಮುರಿದು ಕೊಟ್ಟಿಲ್ಲ, ಸ್ವಂತ ಮಗನ ಗಾಡಿ ಹಿಂದಿದ್ದರೆ ಹಿಂದೆಯೇ. ಇದು ಒಂದು. ಇನ್ನು ಅರ್ಧ: ಗಿಡದ ಬುಡಕ್ಕೆ ಒಂದು ಮಣ್ಣಿನ ಹರವಿ ಇಟ್ಟು, ದಿನಾ ಬೆಳಿಗ್ಗೆ ತಾನೇ ತೊಳೆದು ನೀರು ತುಂಬುತ್ತಿದ್ದ. ಹೊರಗಿನ ಡ್ರೈವರುಗಳೂ ಕುಡಿಯಬಹುದಿತ್ತು. ನೀರು ತಣ್ಣಗಿರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕುಡಿದು ಖಾಲಿ ಗಾಡಿ ಹೊಡೆದುಕೊಂಡು ಹೋಗಬೇಕಿತ್ತಲ್ಲ, ಅದಕ್ಕೇ ಅರ್ಧ ಎಂದೆ.

ಇನ್ನು ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಅವ್ವನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಅದೇ ದವಾಖಾನೆಯಲ್ಲಿ ಆಪರೇಶನ್ ಆಯಿತು. ಮನೆಗೆ ಕಳಿಸುವ ದಿನ ನಾನು ಗಾಡಿ ತೊಳೆದು, ಹಿಂದಿನ ಸೀಟಿಗೆ ಕೌದಿ ಹಾಸಿ, ತಲೆದಿಂಬು ಇಟ್ಟುಕೊಂಡು ಹೋದೆ. ಅವ್ವ ಹೊಟ್ಟೆ ಹಿಡಿದುಕೊಂಡು, ನನ್ನ ಹೆಗಲ ಮೇಲೆ ಭಾರ ಹಾಕಿ, ಒಂದೊಂದೇ ಹೆಜ್ಜೆ ಇಡುತ್ತ ಗೇಟಿನ ಹೊರಗೆ ಬಂದಳು. ಗಾಡಿಯ ಬಾಗಿಲು ತೆಗೆದೆ. ಅಷ್ಟರಲ್ಲಿ ಅವನು ಕುರ್ಚಿಯಿಂದ ಎದ್ದು ಬಂದ. ಅಂಗೈ ಬಾನೆಟ್ಟಿನ ಮೇಲೆ ಬಿತ್ತು.

"ತಳಕಲ್, ಏನಿದು?"

"ಅಧ್ಯಕ್ಷರ, ಇದು ಬಾಡಿಗಿ ಅಲ್ರಿ. ನಮ್ಮವ್ವ."

ಅವನು ಅವ್ವನ ಕಡೆ ತಿರುಗಿ ಕೈ ಮುಗಿದ. ಹೌದ್ರಿ, ಕೈ ಮುಗಿದ! "ಆರಾಮಾತೇನವಾ? ಎಣ್ಣಿ ಪದಾರ್ಥ ತಿನಬ್ಯಾಡ, ಗಂಜಿ ಕುಡಿ," ಎಂದ. ಮತ್ತೆ ಕೈ ಬಾನೆಟ್ಟಿಗೆ ಹೋಯಿತು.

"ತಾಯಿ ಅದಾಳ, ಖರೆ. ನನಗೂ ತಾಯಿ ಇದ್ದಂಗ. ಆದ್ರ ಈ ಗೇಟ್ ದಾಟಿದ ಮ್ಯಾಲ ಆಕಿ ಸೀಟು. ಇವತ್ತ ನೀ ಅವ್ವ ಅಂತಿ, ನಾಳಿ ಕುಷ್ಟಗಿಯಾವ ಬಂದು ಇಡೀ ವಾರ್ಡು ನಮ್ಮ ಅತ್ತಿಮನಿ ಮಂದಿ ಅಂತಾನ. ನಾ ಯಾರನ್ನ ನಂಬಲಿ?"

ಸ್ಟ್ಯಾಂಡಿನವರು ಮತ್ತೆ ನಕ್ಕರು. ನಾನು ಬೈದೆ, ಕಾಲರಿಗೆ ಕೈ ಹಾಕಲು ಹೋದೆ, ಕಡೆಗೆ ಕೈ ಮುಗಿದು ಬೇಡಿಕೊಂಡೆ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಬಿಸಿಲಿನಲ್ಲಿ ನಿಂತಿದ್ದ ಅವ್ವ ಗೇಟಿನ ಕಂಬಕ್ಕೆ ಒರಗಿದಳು. "ಹೋಗಲಿ ಬಿಡೋ, ಯಾವ ಗಾಡಿ ಆದ್ರೇನು, ಮನಿಗೆ ಹೋದ್ರ ಸಾಕು," ಎಂದಳು ಅವಳೇ.

"ಪಾಳಿ ಯಾರದೋ?" ಎಂದು ಅವನು ಕೇಳಿದ. ಪಾಳಿಯ ಗಾಡಿ ಬಂತು. ನನ್ನ ಕೌದಿ, ತಲೆದಿಂಬು ಅದರೊಳಗೆ ಹಾಕಿ ಅವ್ವನನ್ನು ಹತ್ತಿಸಿದೆ. ಜೊತೆಗೆ ಕೂಡೋಣವೆಂದರೆ ನನ್ನ ಗಾಡಿ ಯಾರು ಹೊಡೆಯಬೇಕು? ಅವನು ಆ ಗಾಡಿಯ ಬಾನೆಟ್ಟಿಗೆ ಟಕ್ ಟಕ್ ಎಂದು ಬಡಿದ. ಗಾಡಿ ಹೊರಟಿತು. ಕೊಪ್ಪಳದಿಂದ ತಳಕಲ್ಲಿನವರೆಗೆ ಅವ್ವ ಮುಂದೆ ಯಾರದೋ ಗಾಡಿಯಲ್ಲಿ, ನಾನು ಹಿಂದೆ ಖಾಲಿ ಗಾಡಿಯಲ್ಲಿ. ಆ ಡ್ರೈವರ್ ಹಾಡು ಹಚ್ಚಿದ್ದು ನನಗೇ ಕೇಳುತ್ತಿತ್ತು. ಒಂದೊಂದು ಹಂಪು ಬಂದಾಗಲೂ ಹಿಂದಿನ ಗಾಜಿನಲ್ಲಿ ಅವ್ವನ ತಲೆ ಜೋಲಿ ಹೊಡೆಯುವುದು ಕಾಣುತ್ತಿತ್ತು. ನಾನು ಸ್ಟೇರಿಂಗ್ ಹಿಡಿದು ಅತ್ತೆ. ನಾಚಿಕೆ ಇಲ್ಲದೆ ಅತ್ತೆ.

ಮನೆಯಲ್ಲಿ ಇಳಿದ ಮೇಲೆ ಅವ್ವ ಉಸಿರು ಹಿಡಿದುಕೊಂಡು ಹೇಳಿದ ಮಾತು ಇದು: "ಮಂದಿಗೆ ಸತ್ತ ಮ್ಯಾಲ ಹಿಂದ ಗಾಡಿ ಬರತಾವ. ನನಗ ಇದ್ದಾಗಲೇ ಬಂತು ನೋಡು." ನಗಿಸಲಿಕ್ಕೇ ಹೇಳಿದಳು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಅವನಿಗೆ ಒಳ್ಳೆಯದಾಗಲಿ ಎಂದು ನಾನು ಯಾವ ದೇವರ ಮುಂದೆಯೂ ಬೇಡಿಕೊಂಡಿಲ್ಲ.

ಸುಧಾರಣೆ ಬರಲಿಲ್ಲವೇ ಎಂದು ಓದಿದವರು ಕೇಳುತ್ತಾರೆ. ಬಂತು. ಸಾರಿಗೆ ಆಫೀಸಿಗೆ ಹೊಸದಾಗಿ ಒಬ್ಬ ಮೇಡಂ ಬಂದಿದ್ದರು, ವಯಸ್ಸು ಚಿಕ್ಕದು, ಕೆಲಸದಲ್ಲಿ ನಿಷ್ಠೆ ಇದ್ದವರು. ನಾವು ಹೊರಗಿನ ಡ್ರೈವರುಗಳೆಲ್ಲ ಹೋಗಿ ಗೋಳು ಹೇಳಿಕೊಂಡೆವು. ಅವರು ಎಲ್ಲರನ್ನೂ ಕೂಡಿಸಿ, ಪರ್ಮಿಟ್ ಇರುವ ಯಾವ ಗಾಡಿಯಾದರೂ ಎಲ್ಲಿಂದ ಬೇಕಾದರೂ ಮಂದಿಯನ್ನು ಹತ್ತಿಸಿಕೊಳ್ಳಬಹುದು, ಯಾವ ಗಾಡಿ ಹತ್ತಬೇಕೆಂಬುದು ಹತ್ತುವವರ ಇಷ್ಟ ಎಂದು ಖಡಕ್ಕಾಗಿ ಹೇಳಿದರು. ಅವನು ಎದ್ದು ನಿಂತ. ಜಗಳ ತೆಗೆಯುತ್ತಾನೆ ಎಂದುಕೊಂಡೆವು.

"ಬರೋಬ್ಬರಿ ಹೇಳಿದ್ರಿ ಮೇಡಂ. ನಮಗೂ ಇದ ಬೇಕಾಗಿತ್ತು," ಎಂದ.

ಸ್ಟ್ಯಾಂಡಿನಲ್ಲಿ ಹಾಗೆಂದು ಬರೆದ ಬೋರ್ಡು ಬಂತು. ಆ ಬೋರ್ಡಿಗೆ ಹೂವಿನ ಹಾರ ಹಾಕಿದವನು ಅವನೇ, ಕಾಯಿ ಒಡೆದವನು ಅವನೇ, ಮೇಡಂಗೆ ಪೇಢೆ ತಿನ್ನಿಸಿದವನೂ ಅವನೇ. ಅವರ ಜೀಪು ತಿರುವು ದಾಟಿತೋ ಇಲ್ಲವೋ, ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಆ ಬೋರ್ಡಿನ ಕೆಳಗೇ ಹಾಕಿಕೊಂಡು ಕೂತ. ಹೊಸ ಕಾನೂನು ನಂಬಿ ನಾನು ಅವತ್ತೇ ಒಬ್ಬ ಮುದುಕಪ್ಪನನ್ನು ಹತ್ತಿಸಿಕೊಂಡಿದ್ದೆ. ಅಂಗೈ ಬಿತ್ತು.

"ಬೋರ್ಡು ಓದ್ರಿ ಅಧ್ಯಕ್ಷರ," ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಜೋರಿತ್ತು.

ಅವನು ಕತ್ತೆತ್ತಿ ಓದಿದ ಹಾಗೆ ಮಾಡಿದ. "ಕಾನೂನು ಬೆಂಗಳೂರಿನಿಂದ ಬಸ್ಸಿನಾಗ ಬರತೈತಿ ತಳಕಲ್. ಬಂದು ಬಸ್‌ಸ್ಟ್ಯಾಂಡಿನಾಗ ಇಳಿತೈತಿ. ಅಲ್ಲಿಂದ ಇಲ್ಲೀತನಕ ಬರಬೇಕಂದ್ರ ಅದೂ ನಮ್ಮ ಗಾಡೀನ ಹತ್ತಬೇಕು."

ಗಾಡಿಯಿಂದ ಇಳಿಯುತ್ತ ಆ ಮುದುಕಪ್ಪ, "ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ ನೋಡು," ಎಂದು ಗೊಣಗಿದ. ಕೆಲವು ದಿನಗಳಲ್ಲಿ ಆ ಬೋರ್ಡು ಅವನ ಟವೆಲ್ ಒಣಗಿಸುವ ಜಾಗವಾಯಿತು. ಮೇಡಂಗೆ ವರ್ಗವಾಯಿತು. ಆಮೇಲೆ ಫೋನಿನಲ್ಲಿ ಗಾಡಿ ಕರೆಸುವ ಆ್ಯಪ್ ಬಂತು. ಕಲಿತ ಹುಡುಗರು ದವಾಖಾನೆಯ ಹಿಂದಿನ ಗೇಟಿಗೆ ಗಾಡಿ ಕರೆಸಿಕೊಳ್ಳತೊಡಗಿದರು. ಇನ್ನು ಇವನ ಆಟ ಮುಗಿಯಿತು ಎಂದು ನಾನು ಅವ್ವನ ಮುಂದೆ ಕುಣಿದಾಡಿದೆ. ಅವನು ಹಿಂದಿನ ಗೇಟಿಗೂ ಒಂದು ಕುರ್ಚಿ ಹಾಕಿಸಿದ. ಅದರಲ್ಲಿ ಮಗನನ್ನು ಕೂಡಿಸಿ, ಅಂಗೈ ಹೇಗೆ ಇಡಬೇಕೆಂದು ಕಲಿಸಿದ. ಕಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಹೊಡಿಬ್ಯಾಡ. ಹೊಡದ್ರ ಕೇಸ್ ಆಕ್ಕೈತಿ. ಬರೇ ಇಡು," ಎನ್ನುತ್ತಿದ್ದ.

ಅವನು ಸತ್ತದ್ದು ಗಂಗಾವತಿಯಲ್ಲಿ. ಮಗಳ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದನಂತೆ. ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡನಂತೆ. ಹತ್ತಿರದ ಒಂದು ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಅವತ್ತು ನಮ್ಮೂರಿನ ಒಬ್ಬರನ್ನು ಅದೇ ದವಾಖಾನೆಗೆ ಬಿಡಲು ಹೋಗಿದ್ದೆ. ಬಿಟ್ಟು, ಎಂದಿನಂತೆ ಗಾಳಿ ತುಂಬಿಕೊಂಡು ಹೊರಡುವವನಿದ್ದೆ. ಅಷ್ಟರಲ್ಲಿ ಕೊಪ್ಪಳದ ಸ್ಟ್ಯಾಂಡಿನ ಡ್ರೈವರುಗಳನ್ನು ಕೂಡಿಸಿಕೊಂಡು ಅವನ ಮಗ ಬಂದ. ತಂದದ್ದು ಅಪ್ಪನದೇ ಗಾಡಿ, ಬಿಳಿಯದು, ಅವನು ದಿನಾ ತಾನೇ ಒರೆಸುತ್ತಿದ್ದದ್ದು. ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಸಿ, ಹೂವು ಕಟ್ಟಿದ್ದರು.

ಹೆಣ ಹೊರಗೆ ತಂದರು. ಮಗ ಗಾಡಿಯ ಹಿಂದಿನ ಬಾಗಿಲು ತೆಗೆದ. ಆಗ ಗಂಗಾವತಿ ಸ್ಟ್ಯಾಂಡಿನ ಯಜಮಾನ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ. ಆ ಖಾನಾವಳಿಯಲ್ಲಿ ಮಿರ್ಚಿ ಮಂಡಕ್ಕಿ ತಿಂದು ಗೆರೆಗೆ ಹೂಂ ಎಂದವರಲ್ಲಿ ಇವನೂ ಒಬ್ಬ. ಎತ್ತರದ ಆಳು, ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದ. ಹೆಣದ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಮೂಗು ಒರೆಸಿಕೊಂಡು ಬಿಳಿ ಗಾಡಿಯ ಮುಂದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

ಮಗನಿಗೆ ಮೊದಲು ತಿಳಿಯಲೇ ಇಲ್ಲ. "ಕಾಕಾ, ಕೈ ತಗೀರಿ, ಹೊಂಡಬೇಕು," ಎಂದ.

"ತಮ್ಮಾ, ಇದು ಗಂಗಾವತಿ. ನಿಮ್ಮ ಗಾಡಿ ಇಲ್ಲಿಂದ ಎತ್ತಂಗಿಲ್ಲ."

"ನಮ್ಮಪ್ಪ ರೀ!"

"ನನಗೂ ಅಣ್ಣ. ಆದ್ರ ಇವತ್ತ ನಾ ಬಿಟ್ಟೆ ಅಂದ್ರ ನಾಳಿ ಎಲ್ಲಾ ಊರಿನಾವ್ರೂ ಅಪ್ಪ ಅಂತ ಬರತಾರ. ಅಣ್ಣಾವ್ರ ಇದ್ದಿದ್ರ ಅವರೂ ಇದನ್ನ ಅಂತಿದ್ರು."

ಸತ್ತವನ ಹೆಂಡತಿ ಅಳುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಹೆಣಕ್ಕೂ ಗೆರಿ ಐತೇನೋ ನಿಮ್ಮದು?"

"ವೈನಿ, ಗೆರಿ ಎಳದಾವ್ರು ಅಣ್ಣಾವ್ರ. ನಾ ಏನ್ ಮಾಡಲಿ?" ಎಂದು ಆ ಯಜಮಾನ ಮತ್ತೆ ಗೊಳೋ ಎಂದು ಅತ್ತ. ಕೈ ಮಾತ್ರ ತೆಗೆಯಲಿಲ್ಲ. ಮಗ ಅವನ ಎದೆಗೆ ಎರಡೂ ಕೈ ಹಾಕಿ ದೂಡಿದ, ಚೀರಿದ, ಬಾಡಿಗೆಗೆ ಸಾಯುತ್ತೀರಿ, ಎಷ್ಟು ಬೇಕು ಹೇಳಿರಿ ಎಂದು ಜೇಬಿಗೆ ಕೈ ಹಾಕಿದ. "ಬಾಡಿಗಿ ಒಂದು ಪೈಸಾ ಬ್ಯಾಡ," ಎಂದ ಯಜಮಾನ. "ಪಾಳಿ ಬೇಕು."

ಕೊಪ್ಪಳದಿಂದ ಬಂದಿದ್ದ ಡ್ರೈವರುಗಳು ನೆಲ ನೋಡುತ್ತ ನಿಂತಿದ್ದರು. ನಮ್ಮವ್ವನನ್ನು ನಿಲ್ಲಿಸಿದ ದಿನ ನಕ್ಕಿದ್ದವರು ಅವರಲ್ಲಿದ್ದರು. ಒಬ್ಬನಾದರೂ, ಕೈ ತೆಗೆಯೋ ಎನ್ನಲಿಲ್ಲ. ಅನ್ನಲು ಬಾಯಿ ಬರುವುದಾದರೂ ಹೇಗೆ? ಪಾಳಿಯ ಗಾಡಿ ಬಂತು. ಹಳೆಯ ಡಬ್ಬಾ, ಹಿಂದಿನ ಬಾಗಿಲಿಗೆ ಕೊಂಡಿ ಇಲ್ಲ, ಹಗ್ಗ ಬಿಗಿದಿದ್ದರು. ಬಿಳಿ ಗಾಡಿಯಿಂದ ಹಾಸಿಗೆ ತೆಗೆದು ಇದರೊಳಗೆ ಹಾಸಿದರು. ಹೂವು ಬಿಚ್ಚಿ ಕಟ್ಟಲು ಹೋದರೆ ಹರಿದು ಬಂತು, ಅಲ್ಲೇ ಬಿಟ್ಟರು. ಹೆಣ ಮಲಗಿಸಿ, ಹೆಂಡತಿಯನ್ನೂ ಮಗಳನ್ನೂ ಪಕ್ಕಕ್ಕೆ ಕೂಡಿಸಿದ ಮೇಲೆ ಯಜಮಾನ ಬಾನೆಟ್ಟಿಗೆ ಟಕ್ ಟಕ್ ಎಂದು ಬಡಿದ.

ಕೊಪ್ಪಳದ ಡ್ರೈವರುಗಳು ತಮ್ಮ ಇನ್ನೊಂದು ಗಾಡಿಯಲ್ಲಿ ಮೊದಲೇ ಹೊರಟುಹೋಗಿದ್ದರು. ಗದ್ದೆಗಳ ನಡುವಿನ ಆ ರಸ್ತೆಯಲ್ಲಿ ಮುಂದೆ ಗಂಗಾವತಿಯ ಡಬ್ಬಾ, ಅದರ ಹಿಂದೆ ಅವನ ಬಿಳಿ ಗಾಡಿ ಖಾಲಿ, ಅದರ ಹಿಂದೆ ನಾನು ಖಾಲಿ. ಮಗ ಸ್ಟೇರಿಂಗ್ ಹಿಡಿದು ಅಳುತ್ತಿದ್ದದ್ದು ಅವನ ಭುಜ ಅಲುಗುವುದರಿಂದಲೇ ನನಗೆ ಗೊತ್ತಾಗುತ್ತಿತ್ತು. ಹಂಪು ಬಂದಾಗಲೆಲ್ಲ ಹಗ್ಗ ಸಡಿಲಾಗಿ ಡಬ್ಬಾದ ಬಾಗಿಲು ಬಾಯಿ ತೆರೆಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಗಟ್ಟಿಯಾಗಿಯೇ ಅಂದೆ. ಗಾಡಿಯಲ್ಲಿ ಕೇಳುವವರು ಯಾರಿದ್ದರು? ನನ್ನ ಹೊಟ್ಟೆ ತಣ್ಣಗಾಯಿತು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಅವನ ಹೆಂಡತಿ ಬಾಗಿಲ ಸಂದಿನಿಂದ ಹಿಂದೆ ತಿರುಗಿ ತಮ್ಮ ಗಾಡಿಯನ್ನು ನೋಡಿದಾಗ ಮಾತ್ರ ಆ ತಂಪು ಉಳಿಯಲಿಲ್ಲ. ಆಕೆ ಯಾವ ಗೆರೆಯನ್ನೂ ಎಳೆದವಳಲ್ಲ.

ಅದೇ ಮಗ ಹೋದ ವಾರ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಬೇವಿನ ಗಿಡದ ಕೆಳಗಿನ ಕುರ್ಚಿ ಈಗ ಅವನದು. ಬರೆಯುವುದು ಒತ್ತಟ್ಟಿಗಿರಲಿ ಎಂದು ನಾನು ನೇರವಾಗಿ ಕೇಳಿದೆ:

"ತಮ್ಮಾ, ಗಂಗಾವತ್ಯಾಗ ಅವತ್ತ ನೀನೂ ಇದ್ದಿ, ನಾನೂ ಇದ್ದೆ. ಈಗ ಕುರ್ಚಿ ನಿಂದು. ಆ ಗೆರಿ ಅಳಸಿ ಒಗಿಬಾರದಾ?"

ಅವನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. "ನನಗೂ ಅನಸತೈತಿ ಕಾಕಾ. ಆದ್ರ ನಾವು ಮೊದಲು ಅಳಸಿದ್ವಿ ಅಂದ್ರ ಮೂರೂ ಊರಿನ ಗಾಡಿ ಕೊಪ್ಪಳದಾಗ ಬಂದು ಬೀಳತಾವ. ನಮ್ಮ ಗಾಡಿ ಅಲ್ಲಿ ಹೋದ್ರ ಎತ್ತಗೊಡಂಗಿಲ್ಲ. ನಮ್ಮ ಹುಡುಗರು ಉಪಾಸ ಬೀಳತಾರ. ಅವರು ಮೊದಲು ಅಳಸಲಿ, ನಾವೂ ಅಳಸ್ತೀವಿ."

"ಅವರೂ ಇದನ್ನ ಅಂತಾರಲ್ಲಪಾ."

"ಅದ ಮತ್ತ," ಎಂದು ಎದ್ದ. "ಬರದು ಇಡ್ರಿ. ಹುಡುಗನ್ನ ಕಳಸ್ತೀನಿ."

ಅವ್ವ ಪಡಸಾಲೆಯಲ್ಲಿ ಕಡಲೆಬೇಳೆ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಅವನು ಗಾಡಿಯ ಹತ್ತಿರ ಹೋಗುವಷ್ಟರಲ್ಲಿ ಮೊರ ಬದಿಗಿಟ್ಟು, ಸೆರಗು ಕೊಡವಿ, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದಳು.

"ಖಾಲಿ ಹೊಂಟೀಯೇನೋ ತಮ್ಮಾ?"

"ಹೂಂ ಬೇ."

"ನನ್ನ ಕೊಪ್ಪಳತನಕ ಕರಕೊಂಡು ಹೋಗು. ದವಾಖಾನ್ಯಾಗ ತೋರಿಸಬೇಕು."

ಅವಳಿಗೆ ದವಾಖಾನೆಯ ಕೆಲಸ ಏನೂ ಇರಲಿಲ್ಲ. ನನ್ನ ಗಾಡಿ ಅಲ್ಲೇ ಅಂಗಳದಲ್ಲಿ ನಿಂತಿತ್ತು. ಹುಡುಗನನ್ನು ಪರೀಕ್ಷೆ ಮಾಡುತ್ತಿದ್ದಾಳೆಂದು ನನಗೆ ತಿಳಿಯಿತು. ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ, "ಬಾ ಯವ್ವಾ, ಕುಂದ್ರು," ಎಂದು ಬಾಗಿಲು ತೆಗೆದ. ದೇವರಾಣೆ, ತೆಗೆದ. ಅವ್ವ ಒಂದು ಕಾಲು ಎತ್ತಿ ಮೆಟ್ಟಿಲ ಮೇಲೆ ಇಟ್ಟಳು.

ಆಗಲೇ ಯಲಬುರ್ಗಾ ಸ್ಟ್ಯಾಂಡಿನ ಗಾಡಿಯೊಂದು ನಮ್ಮ ಮನೆಯ ಮುಂದೆ ಹಾದುಹೋಯಿತು. ತಳಕಲ್ ಅವರ ಪಾಲಿನ ಊರು. ಡ್ರೈವರ್ ವೇಗ ಕಡಿಮೆ ಮಾಡಿದ, ಹೊರಗೆ ಬಗ್ಗಿ ನೋಡಿದ, ಹಾರ್ನ್ ಬಾರಿಸಿ ಮುಂದೆ ಹೋದ. ಅಷ್ಟೇ. ಹುಡುಗನ ಮುಖ ಸಪ್ಪಗಾಯಿತು.

"ಬ್ಯಾಡ ಬೇ ಯವ್ವಾ... ಅವರು ನೋಡಿದ್ರು. ಕಾಕಾನ ಗಾಡಿ ಐತೆಲ್ಲ, ಅದರಾಗ ಬಾ," ಎಂದ.

ಅವ್ವ ಕಾಲು ಕೆಳಗಿಳಿಸಿದಳು. ಅವನು ಬಾಗಿಲು ಹಾಕಿ, ನನ್ನ ಕಡೆ ನೋಡದೆ, ಒಳಗೆ ಕೂತು ಗಾಡಿ ಚಾಲೂ ಮಾಡಿದ. ಅವ್ವ ಸಾವಕಾಶ ನಡೆದು ಗಾಡಿಯ ಮುಂದೆ ಹೋದಳು. ಬಾನೆಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದಳು.

"ಹಗೂರ ಹೋಗಪಾ," ಎಂದಳು. "ಒಳಗ ಗಾಳಿ ಐತಿ."